ಗುಂಡುಕಲ್ಲು ಕೂರಿಸಿ ಆರಿಸಿದ ಗಾಡಿ

ಮಗಳಿಗೆ ಒಂಬತ್ತು ತಿಂಗಳಾಗಿದ್ದ ಕಾಲದಲ್ಲಿ ನಾನು ರಸ್ತೆಯಲ್ಲಿ ಜನರ ಮುಖ ನೋಡುವುದನ್ನು ಬಿಟ್ಟು ಚಕ್ರ ನೋಡಲು ಶುರು ಮಾಡಿದ್ದೆ. ಸೊಪ್ಪಿನ ಗಾಡಿಯ ಚಕ್ರ, ಇಸ್ತ್ರಿ ಗಾಡಿಯ ಚಕ್ರ, ಊರಿಂದ ಬಂದವರು ಎಳೆದುಕೊಂಡು ಹೋಗುವ ಸೂಟ್‌ಕೇಸಿನ ಚಕ್ರ, ಸಂಜೆಯಾದರೆ ಸಹಕಾರನಗರದ ಪಾರ್ಕಿಗೆ ಬರುವ ಮಕ್ಕಳ ಗಾಡಿಗಳ ಚಕ್ರ. ಯಾವುದು ಸಣ್ಣ ಕಲ್ಲು ಸಿಕ್ಕರೂ ಮುಷ್ಕರ ಹೂಡುತ್ತದೆ, ಯಾವುದು ಹತ್ತಿ ಇಳಿದು ಹೋಗುತ್ತದೆ, ಯಾವುದು ಕುಂಯ್ ಕುಂಯ್ ಅನ್ನುತ್ತದೆ. ಅದುವರೆಗೆ ಬಸ್ಸು ಆಟೋ ಅಂತ ಚಕ್ರದ ಮೇಲೆಯೇ ಓಡಾಡಿದವಳು, ಒಂದು ದಿನವೂ ಅದನ್ನು ನೆಟ್ಟಗೆ ನೋಡಿರಲಿಲ್ಲ.

ನೋಡಲು ಕಾರಣವಿತ್ತು. ಹೆರಿಗೆಯಾದ ಮೇಲೆ ನನ್ನ ಸೊಂಟ ಕೈಕೊಟ್ಟಿತು. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ. ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು: "ಕೂತ್ಕೊಂಡು ಮಗೂನ ತೊಡೆ ಮೇಲೆ ಎಷ್ಟೊತ್ತು ಬೇಕಾದ್ರೂ ಇಟ್ಕೊಳ್ಳಿ. ಎತ್ಕೊಂಡು ನಡೀಬೇಡಿ. ಆದ್ರೆ ನೀವು ಮಾತ್ರ ದಿನಾ ನಡೀಲೇಬೇಕು." ಹಾಗಾಗಿ ಮಗಳನ್ನು ಅತ್ತೆಯ ಮಡಿಲಿಗೆ ಬಿಟ್ಟು ನಾನೊಬ್ಬಳೇ ಕೈ ಬೀಸಿಕೊಂಡು ಪಾರ್ಕು ಸುತ್ತುತ್ತಿದ್ದೆ. ಅತ್ತೆಗೆ ಮಂಡಿ ನೋವು, ಗೇಟು ದಾಟಿದರೆ ಗೋಡೆ ಹಿಡಿದು ನಡೆಯುವವರು. ನಮ್ಮನೆಯವರಿಗೆ ಯಶವಂತಪುರದ ಕಡೆ ಫ್ಯಾಕ್ಟರಿ ಕೆಲಸ, ಶಿಫ್ಟು. ಅವರ ವಾರದ ರಜೆಯ ದಿನ ಮಗಳು ಅವರ ಹೆಗಲ ಮೇಲೆ ಹೊರಗೆ ಹೋಗುತ್ತಿದ್ದಳು. ಮಿಕ್ಕ ದಿನ ಕೊಡಿಗೇಹಳ್ಳಿಯ ಆ ಮನೆ, ಅದರ ಗೇಟು, ಅಷ್ಟೇ ಅವಳ ಲೋಕ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಮದುವೆಯಾಗಿ ಬಂದಾಗಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಎರಡು ಬೀದಿ ಆಚೆಯ ಆಂಜನೇಯನ ಗುಡಿಗೆ ಹೋಗುವುದು ನನ್ನ ರೂಢಿ. ಮಗು ಬೇಕು ಅಂತ ಬೇಡಿಕೊಂಡದ್ದೂ ಅಲ್ಲೇ. ಕೊಟ್ಟವನ ಮುಂದೆ ಆ ಮಗುವನ್ನು ನಾನೇ ಕರೆದುಕೊಂಡು ಹೋಗಿ ನಿಲ್ಲಬೇಕು, ಯಾರ ಹೆಗಲನ್ನೂ ಕೇಳದೆ. ನಮ್ಮನೆಯವರು ಒಂದು ಸಲ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದರು ನಿಜ. ಮಗು ಅವರ ಕೈಯಲ್ಲಿ, ಬಾಳೆಹಣ್ಣಿನ ತಟ್ಟೆ ನನ್ನ ಕೈಯಲ್ಲಿ. ದೇವರಿಗೆ ಆ ವ್ಯತ್ಯಾಸ ಇಲ್ಲದಿರಬಹುದು, ನನಗಿತ್ತು.

ಹಾಗಾಗಿ ಪಾರ್ಕಿನಲ್ಲಿ ಗಾಡಿ ತಳ್ಳುವವರನ್ನೆಲ್ಲ ನಿಲ್ಲಿಸಿ ಕೇಳತೊಡಗಿದೆ. ನಾಚಿಕೆ ಬಿಟ್ಟರೆ ಜನ ಎಷ್ಟು ಸಂತೋಷದಿಂದ ಹೇಳುತ್ತಾರೆ ಅಂತ ಆಗ ಗೊತ್ತಾಯಿತು. ದೊಡ್ಡ ಗಾಡಿ ತಂದ ಅಪಾರ್ಟ್‌ಮೆಂಟಿನ ಹೆಂಗಸು, "ಕಾರಿನ ಡಿಕ್ಕಿ ತುಂಬ ಇದೇ ಆಗೋಗುತ್ತೆ ಕಣ್ರೀ, ತರಕಾರಿ ಚೀಲ ನಾನು ಕಾಲ ಮೇಲೆ ಇಟ್ಕೊಂಡು ಬರ್ತೀನಿ" ಅಂದಳು. ಕೊಡೆ ಹಾಗೆ ಮಡಚುವ ಗಾಡಿ ತಂದಿದ್ದ ಹುಡುಗ ವಯಸ್ಸಿನ ಅಪ್ಪನೊಬ್ಬ, "ಹಗುರ ಇದೆ ಆಂಟಿ, ಆದ್ರೆ ಹಿಡೀಲಿ ಬ್ಯಾಗ್ ನೇತಾಕಿ ಮಗು ಎತ್ಕೊಂಡ್ರೆ ದಬಕ್ ಅಂತ ಹಿಂದಕ್ಕೆ ಬೀಳುತ್ತೆ" ಅಂದ. ಆಂಟಿ ಅಂದದ್ದನ್ನು ಕ್ಷಮಿಸಿದೆ, ವಿಷಯ ಒಳ್ಳೆಯದು ಹೇಳಿದನಲ್ಲ. ಒಬ್ಬರು ಅಜ್ಜಿ ಗಾಡಿಯಲ್ಲಿ ಹಾಲಿನ ಪ್ಯಾಕೆಟ್ಟು, ಕರಿಬೇವು, ತೆಂಗಿನಕಾಯಿ ಕೂರಿಸಿಕೊಂಡು ಬರುತ್ತಿದ್ದರು. ಮೊಮ್ಮಗ ಪಕ್ಕದಲ್ಲಿ ನಡೆಯುತ್ತಿದ್ದ. "ಅವನು ಕೂರಲ್ಲ ಕಣಮ್ಮ. ದುಡ್ಡು ಕೊಟ್ಟಿದೀವಲ್ಲ, ಹಾಲಾದ್ರೂ ಕೂರ್ಲಿ" ಅಂದರು.

ನಾನು ಎಲ್ಲರನ್ನೂ ಇನ್ನೊಂದು ಕೇಳುತ್ತಿದ್ದೆ. ಮಗು ನಿಮ್ಮ ಮುಖ ನೋಡುತ್ತಾ ಕೂರುತ್ತದಾ, ರಸ್ತೆ ನೋಡುತ್ತಾ ಕೂರುತ್ತದಾ? ಅಂಗಡಿಯವರು ಹೇಗೆ ಕೊಟ್ಟರೋ ಹಾಗೆ ಕೂರುತ್ತದೆ ಅಂತ ಎಲ್ಲರೂ ಅನ್ನುತ್ತಿದ್ದರು.

ಮನೆಯಲ್ಲಿ ವಿಷಯ ತೆಗೆದಾಗ ಅತ್ತೆ ರಾಗಿ ಕೇರುತ್ತಾ ಕೂತಿದ್ದರು. ಅವರು ಇದೇ ಊರಿನ ರೈತರ ಮನೆಯವರು. ಈಗ ಪಾರ್ಕಿರುವ ಕಡೆ ಅವರು ಕಳೆ ಕಿತ್ತಿದ್ದಾರಂತೆ.

"ತಳ್ಳೋ ಗಾಡಿನಾ? ಸೊಪ್ಪು ಮಾರಕ್ಕೆ ಓಯ್ತೀಯೇನೇ?"

"ಇಲ್ಲ ಅತ್ತೆ, ಮಗೂನ ಕೂರಿಸ್ಕೊಂಡು ಗುಡಿಗೆ ಹೋಗೋಣ ಅಂತ."

ಗುಡಿ ಅಂದ ಕೂಡಲೇ ಮೊರ ಕೆಳಗಿಟ್ಟರು. ನಮ್ಮನೆಯವರು ಮೊಬೈಲಿನಲ್ಲೇ ಆರ್ಡರ್ ಮಾಡೋಣ, ಮನೆಗೇ ಬರುತ್ತೆ ಅಂದರು. ಅತ್ತೆ ಒಪ್ಪಲಿಲ್ಲ. "ಮಗು ಕೂರೋ ಸಾಮಾನು ಮುಟ್ಟಿ ನೋಡ್ದೆ ಎಂಗೋ ತರೋದು? ಇವ್ಳ್ ಜೊತೇಲಿ ನಾನೂ ಓಯ್ತೀನಿ." ಆಮೇಲೆ ಒಂದು ಷರತ್ತು ಹಾಕಿದರು. "ಆದ್ರೆ ಅಂಗಡೀಲಿ ಕಾಲಿ ಗಾಡಿ ತಳ್ಳಂಗಿಲ್ಲ."

ಖಾಲಿ ತೊಟ್ಟಿಲು ತೂಗಬಾರದು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ತೂಗಿದರೆ ಮಗುವಿಗೆ ಆಗುವುದಿಲ್ಲ. ಅತ್ತೆಯ ಲೆಕ್ಕದಲ್ಲಿ ಗಾಡಿಯೂ ಚಕ್ರ ಇರುವ ತೊಟ್ಟಿಲೇ. ಹಾಗಂತ ಮಗುವನ್ನೇ ಕರೆದುಕೊಂಡು ಹೋಗಿ ಪೂಜೆಯಾಗದ, ಯಾರ್ಯಾರೋ ಕೂತು ಎದ್ದ ಸೀಟಿನಲ್ಲಿ ಕೂರಿಸುವುದೂ ಅವರಿಗೆ ಬೇಡ. ತಳ್ಳದೆ ಗಾಡಿ ಆರಿಸುವುದು ಹೇಗೆ? ಉಪಾಯವನ್ನು ಅವರೇ ಕೊಟ್ಟರು.

"ನಾಮಕರಣದ ದಿನ ಇವ್ಳಿಗಿಂತ ಮುಂಚೆ ತೊಟ್ಟಿಲಲ್ಲಿ ಮಲಗಿದ್ದು ಯಾರೇ?"

ಗುಂಡುಕಲ್ಲು! ಒರಳಿನಲ್ಲಿ ರುಬ್ಬುವ ಗುಂಡುಕಲ್ಲನ್ನು ತೊಳೆದು, ಕುಂಕುಮವಿಟ್ಟು, ಕುಲಾವಿ ಹಾಕಿ ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸಿ ಜೋಗುಳ ಹಾಡಿದ್ದೆವು. ಕಲ್ಲಿನ ಹಾಗೆ ಮಗು ಗಟ್ಟಿಯಾಗಲಿ ಅಂತ. ಮಿಕ್ಸಿ ಬಂದ ಮೇಲೆ ಹಿತ್ತಲಲ್ಲಿ ಸುಮ್ಮನೆ ಬಿದ್ದಿದ್ದ ಕಲ್ಲು ಅದು.

ನಮ್ಮನೆಯವರು ನಕ್ಕು ನಕ್ಕು ಕೆಮ್ಮಿದರು. ಆದರೆ ರಜೆಯ ದಿನ ಅವರೇ ಕಲ್ಲು ತೊಳೆದು, ಒರೆಸಿ, ಕುಲಾವಿ ಹಾಕಿ, ಹಳೆ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ಅತ್ತೆಯ ತೊಡೆಯ ಮೇಲಿಟ್ಟರು. ಮಗಳಿಗೆ ತಾವು ಕಾವಲು ಕೂತರು. ಅತ್ತೆ ದಾರಿಯುದ್ದಕ್ಕೂ ಕಲ್ಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು. ಹೆಬ್ಬಾಳದ ಫ್ಲೈಓವರ್ ಮೇಲೆ ಆಟೋದವನು ಕನ್ನಡಿಯಲ್ಲಿ ನೋಡಿ, "ಮಗು ಒಳ್ಳೇ ನಿದ್ದೆ ಅಲ್ವಾ ಅಜ್ಜಿ, ಅಲ್ಲಾಡ್ತಾನೇ ಇಲ್ಲ" ಅಂದ. ಅತ್ತೆ, "ಊಂ ಕಣಪ್ಪ, ಗಲಾಟೆ ಇಲ್ದಿರೋ ಮಗು" ಅಂದರು. ಆರ್.ಟಿ. ನಗರದಲ್ಲಿ ಇಳಿಯುವಾಗ ನಿಜ ಹೇಳಲೇಬೇಕಾಯಿತು, ಹೊತ್ತುಕೊಡಲು ಬೇರೆ ಯಾರಿದ್ದರು? ಅವನು ಒಂದು ಸಲ ನಮ್ಮಿಬ್ಬರ ಮುಖ ನೋಡಿ, ಕಲ್ಲನ್ನು ಅಂಗಡಿಯೊಳಗಿನ ಬೆಂಚಿನ ಮೇಲೆ ಇಟ್ಟು, ಕೈ ಮುಗಿದು ಹೋದ. ಯಾವ ದೇವರು ಅಂದುಕೊಂಡನೋ. ಅವನ ಮನೆ ತಣ್ಣಗಿರಲಿ.

ಮಕ್ಕಳ ಸಾಮಾನಿನ ಅಂಗಡಿ. ಒಳಗೆ ಗಾಡಿಗಳು ಮದುವೆ ಮನೆಯ ಕುರ್ಚಿಗಳ ಹಾಗೆ ಸಾಲಾಗಿ ನಿಂತಿದ್ದವು. ಮಾರುವ ಹುಡುಗಿ ಬಂದು, "ಅಯ್ಯ, ಎಷ್ಟ್ ಚಂದ ಮಲಗೇತ್ರಿ ಕೂಸು" ಅಂತ ಸೀರೆ ಸರಿಸಿದಳು. ಕುಲಾವಿಯ ಕೆಳಗೆ ಕರಿ ಕಲ್ಲು. ಒಂದು ಕ್ಷಣ ಅವಳ ಬಾಯಿ ತೆರೆದದ್ದು ಹಾಗೇ ನಿಂತಿತು. ಆಮೇಲೆ, "ಗುಂಡಪ್ಪ!" ಅಂತ ಕಿರುಚಿದಳು. "ನಮ್ ಹುಬ್ಬಳ್ಳಿ ಕಡೆನೂ ತೊಟ್ಟಿಲಾಗ ಮೊದ್ಲ ಗುಂಡಪ್ಪನ್ನ ಹಾಕ್ತಾರ್ರಿ ಯಕ್ಕಾ! ಆದ್ರ ಅಂಗಡಿಗೆ ಕರ್ಕೊಂಡ್ ಬಂದಿದ್ದು ಇವತ್ತ ನೋಡಿದೆ."

ಅಲ್ಲಿಂದ ಅವಳು ನಮ್ಮವಳಾದಳು. ಗುಂಡಪ್ಪನನ್ನು ಒಂದೊಂದು ಗಾಡಿಗೂ ಎತ್ತಿ ಕೂರಿಸಿದಳು. ನಾನು ತಳ್ಳಿದೆ. ಆ ನುಣುಪು ನೆಲದ ಮೇಲೆ ಎಲ್ಲವೂ ಬೆಣ್ಣೆಯ ಹಾಗೆ ಓಡಿದವು. ನನಗೆ ಅನುಮಾನ ಬಂತು. ನಮ್ಮ ಬೀದಿ ಬೆಣ್ಣೆಯಲ್ಲವಲ್ಲ.

"ಹೊರಗೆ ಫುಟ್‌ಪಾತ್ ಮೇಲೆ ತಳ್ಳಿ ನೋಡ್ಬೋದಾ?" ಅಂತ ಮ್ಯಾನೇಜರ್‌ನ ಕೇಳಿದೆ.

"ಬಿಲ್ ಆಗ್ದೆ ಹೊರಗೆ ಬಿಡಲ್ಲ ಮೇಡಂ."

ಅತ್ತೆ ಸೀರೆ ತುಸು ಎತ್ತಿ ಊದಿದ ಮಂಡಿ ತೋರಿಸಿದರು. "ಗಾಡಿ ತಗಂಡು ಓಡೋಯ್ತೀವಿ ಅಂತನೇನಪ್ಪ? ಇದನ್ನ ನೋಡಿ ಏಳು."

ಆತ ನಕ್ಕು ಬಾಗಿಲು ತೆಗೆಸಿದ.

ನಾನು ಮೊದಲು ಹೊರಗೆ ತಂದದ್ದು ಹಗುರವಾದ, ಚಂದದ ಗಾಡಿಯನ್ನು. ಅದು ನನ್ನ ಮನಸ್ಸಿಗೆ ಹಿಡಿಸಿಬಿಟ್ಟಿತ್ತು. ಗುಂಡಪ್ಪನ ನಡುವಿಗೆ ಪಟ್ಟಿ ಬಿಗಿದು ಚರಂಡಿಯ ಮೇಲಿನ ಚಪ್ಪಡಿಗಳ ಮೇಲೆ ತಳ್ಳಿದೆ. ನಾಲ್ಕು ಹೆಜ್ಜೆ ಚೆನ್ನಾಗಿಯೇ ಹೋಯಿತು. ಎರಡು ಚಪ್ಪಡಿಯ ಸಂದಿ ಬಂದದ್ದೇ ಮುಂದಿನ ಚಕ್ರ ಅದರಲ್ಲಿ ಸಿಕ್ಕಿಕೊಂಡಿತು. ಗಾಡಿ ಗಕ್ಕನೆ ನಿಂತಿತು. ಗುಂಡಪ್ಪ ನಿಲ್ಲಲಿಲ್ಲ. ಪಟ್ಟಿಯ ಕೆಳಗಿಂದ ಜಾರಿ, ಕುಲಾವಿ ಸಮೇತ ಫುಟ್‌ಪಾತ್ ಮೇಲೆ ದಡ್ ಅಂತ ಬಿದ್ದು ರಸ್ತೆಯ ಕಡೆ ಉರುಳಿದ.

"ಅಯ್ಯೋ ಕಂದಾ!"

ಕೂಗಿದವರು ಅತ್ತೆ. ಗೋಡೆ ಹಿಡಿಯದೆ ಒಂದು ಹೆಜ್ಜೆ ಇಡದವರು ಓಡಿದರು. ಹೂವಿನವಳು ಬುಟ್ಟಿ ಬಿಟ್ಟು ಓಡಿ ಬಂದಳು, ಬೈಕಿನವನೊಬ್ಬ ಗಕ್ಕನೆ ಬ್ರೇಕ್ ಹಾಕಿದ, "ಮಗು ಬಿತ್ತು, ಮಗು ಬಿತ್ತು" ಅಂತ ಎದುರು ಬೇಕರಿಯಿಂದ ನಾಲ್ಕು ಜನ ಬಂದರು. ಹೂವಿನವಳು ಬಗ್ಗಿ ಕುಲಾವಿ ಎತ್ತಿದವಳೇ ನೆಟ್ಟಗಾಗಿ, "ಥೂ! ನನ್ ಜೀವ ಬಾಯಿಗೆ ಬಂತಲ್ರೇ! ಚಟ್ನಿ ರುಬ್ಬೋ ಕಲ್ಲಿಗೆ ಟೋಪಿ ಹಾಕ್ಕೊಂಡು ಬೀದಿ ಸುತ್ತಿಸ್ತೀರಲ್ಲ, ನಿಮಗೇನು ಬಂತು ದೊಡ್ಡ ರೋಗ!" ಅಂತ ಬೈದಳು. ಬೈಸಿಕೊಳ್ಳುವ ಕೆಲಸವೇ ಮಾಡಿದ್ದೆವು, ಬೈಸಿಕೊಂಡೆವು. ಜನ ನಗುತ್ತಾ ಚದುರಿದರು.

ನಮಗೆ ನಗು ಬರಲಿಲ್ಲ. ಅತ್ತೆ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತರು. "ಕಲ್ಲೇ ಅಂತ ಗೊತ್ತು ಕಣೇ. ಆದ್ರೂ ಎದೆ ಒಡ್ದೋಯ್ತು." ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಬಿದ್ದದ್ದು ಕಲ್ಲು, ಅದೂ ಕೊಳ್ಳುವುದಕ್ಕೆ ಮುಂಚೆ. ಆ ಹೊತ್ತಿನಲ್ಲಿ ಇಷ್ಟು ಬಿಟ್ಟರೆ ಬೇರೆ ಪ್ರಾರ್ಥನೆ ನನ್ನ ಬಾಯಿಗೆ ಬರಲಿಲ್ಲ.

ಹುಬ್ಬಳ್ಳಿ ಹುಡುಗಿ ನೀರು ತಂದುಕೊಟ್ಟು ಸಮಾಧಾನ ಮಾಡಿದಳು. "ಗುಂಡಪ್ಪಗ ಕಾಲಿಲ್ಲಲ್ರಿ ಅಜ್ಜಿ, ಹಂಗಾಗಿ ಜಾರಿದ. ಕೂಸಿಗೆ ಕಾಲ್ ಇರ್ತಾವು. ಆದ್ರೂ ಕಾಲ್ ನಡುವ ಪಟ್ಟಿ ಇರೋದ್ನ ತಗೋರಿ." ಒಳಗೆ ಹೋಗಿ ಇನ್ನೊಂದು ಗಾಡಿ ತೋರಿಸಿದಳು. ನೋಡಲು ಸಾದಾ, ಬೂದು ಬಣ್ಣ. ಚಕ್ರ ಮಾತ್ರ ನನ್ನ ಅಂಗೈಗಿಂತ ಅಗಲ. ಎರಡು ಹೆಗಲಿಗೆ, ನಡುವಿಗೆ, ಕಾಲ ನಡುವೆ ಪಟ್ಟಿ. ಎಲ್ಲ ಬಂದು ಒಂದೇ ಕೊಂಡಿಗೆ ಸೇರುತ್ತಿದ್ದವು. ಅತ್ತೆ ಆ ಪಟ್ಟಿಗಳನ್ನು ಹಸುವಿನ ಹಗ್ಗ ಪರೀಕ್ಷೆ ಮಾಡುವವರ ಹಾಗೆ ಎರಡೂ ಕೈಯಲ್ಲಿ ಜಗ್ಗಿ ಜಗ್ಗಿ ನೋಡಿದರು. ಅದರಲ್ಲಿ ಇನ್ನೊಂದು ವಿಶೇಷವಿತ್ತು. ಹಿಡಿಯನ್ನು ಆಚೆಯಿಂದ ಈಚೆಗೆ ಮಗುಚಬಹುದು. ಹೀಗಿದ್ದರೆ ಮಗು ತಳ್ಳುವವರ ಮುಖ ನೋಡುತ್ತದೆ, ಹಾಗಿದ್ದರೆ ರಸ್ತೆ ನೋಡುತ್ತದೆ. ನಾನು ಮೂರು ನಾಲ್ಕು ಸಲ ಆಚೆ ಈಚೆ ಮಗುಚಿ ನೋಡಿದೆ, ಆಟದ ಸಾಮಾನು ಸಿಕ್ಕಿದವಳ ಹಾಗೆ.

"ನಿನ್ ಮುಖ ನೋಡ್ಕಂಡೇ ಕೂರ್ಲಿ" ಅಂತ ಅತ್ತೆ ತೀರ್ಮಾನ ಕೊಟ್ಟರು. "ರಸ್ತೆ ಕಡೆ ತಿರುಗ್ಸಿದ್ರೆ ಓಗೋರು ಬರೋರ ಕಣ್ಣೆಲ್ಲ ಮಗು ಮೇಲೆ."

ಈ ಸಲ ಹೊರಗಿನ ಚಪ್ಪಡಿಯ ಮೇಲೆ, ಗಾಡಿಯಲ್ಲಿ ಕೂತ ಗುಂಡಪ್ಪನನ್ನು ಅವರೇ ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು ಪಕ್ಕದಲ್ಲಿ ನಡೆದರು. ಸಂದಿ ಬಂದಾಗ ಗಾಡಿ ಒಂದು ಸಲ ತಲೆ ಆಡಿಸಿ ದಾಟಿಕೊಂಡಿತು. ಅದನ್ನೇ ತಂದೆವು. ಮನೆಗೆ ಬಂದಾಗ ನಮ್ಮನೆಯವರು ಬಾಗಿಲಲ್ಲೇ ಕೇಳಿದರು: "ಕಲ್ಲಿಗೆ ಯಾವುದು ಇಷ್ಟ ಆಯ್ತಂತೆ?"

ಮಾರನೆಯ ದಿನ ಗಾಡಿಗೆ ಅರಿಶಿನ ಕುಂಕುಮ, ಹಿಡಿಗೆ ಸೇವಂತಿಗೆ, ಚಕ್ರಗಳ ಕೆಳಗೆ ನಿಂಬೆಹಣ್ಣು. ಊದುಬತ್ತಿ ಬೆಳಗಿ, ಮಗಳನ್ನು ಕೂರಿಸಲು ಹೋದೆ. ಅವಳು ಬಗ್ಗಲೇ ಇಲ್ಲ. ಹಲಗೆಯ ಹಾಗೆ ಮೈ ಸೆಟೆದು, ಬೆನ್ನು ಬಿಲ್ಲು ಮಾಡಿ, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ನಿಂಬೆಹಣ್ಣು ಹಾಗೇ ಉಳಿಯಿತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಗಿಲಕಿ ಕೊಟ್ಟೆ, ಬಿಸ್ಕತ್ತು ಕೊಟ್ಟೆ, ನಾನೇ ಎದುರಿಗೆ ನಿಂತು ಹಾಡಿದೆ. ಬಿಸ್ಕತ್ತು ತಿಂದು ಅತ್ತಳು.

"ಕಲ್ಲು ಎಷ್ಟು ಚಂದ ಕುಂತಿತ್ತು. ಇವ್ಳಿಗೇನೇ ಬಂತು?" ಅಂತ ಅತ್ತೆ. ನಮ್ಮನೆಯವರು ವಾಪಸ್ ಕೊಡುವ ಮಾತು ತೆಗೆದರು. ನಾನು ಬೇಡ ಅಂದೆ, ಆದರೆ ಒಳಗೇ ಹೆದರಿಕೆ ಹತ್ತಿತ್ತು. ಪಾರ್ಕಿನ ಅಜ್ಜಿಯ ಹಾಗೆ ನಾನೂ ಹಾಲಿನ ಪ್ಯಾಕೆಟ್ಟು ತಳ್ಳಿಕೊಂಡು ಹೋಗಬೇಕೋ ಏನೋ. ಗುಡಿಯ ಗಂಟೆ ನಮ್ಮ ಮನೆಗೆ ಕೇಳುತ್ತದೆ. ಆ ವಾರ ಅದನ್ನು ಕೇಳುವುದೇ ಕಷ್ಟವಾಯಿತು.

ಒಂದು ಮಧ್ಯಾಹ್ನ ಮಗಳು ಮಲಗಿದ್ದಾಗ ನನಗೊಂದು ಕುತೂಹಲ ಬಂತು. ಇವಳು ಅಲ್ಲಿ ಕೂತು ನೋಡುವುದಾದರೂ ಏನನ್ನು? ಅತ್ತೆಗೆ, "ಸ್ವಲ್ಪ ಹಿಡಿ ಹತ್ರ ನಿಂತ್ಕೊಳ್ತೀರಾ?" ಅಂತ ಹೇಳಿ, ಸೊಂಟ ಸಾವರಿಸಿಕೊಂಡು ನೆಲದ ಮೇಲೆ ಕೂತು, ನನ್ನ ತಲೆಯನ್ನು ಆ ಸೀಟಿನ ಮಟ್ಟಕ್ಕೆ ತಂದು ನೋಡಿದೆ. ಕಂಡದ್ದು ಅತ್ತೆಯ ಹೊಟ್ಟೆ. ಮೇಲೆ ಗಾಡಿಯ ಕಪ್ಪು ಛತ್ರಿ. ಆ ಕಡೆ ಈ ಕಡೆ ಬೂದು ಬಟ್ಟೆ. ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ, ಗಲ್ಲದ ಅಡಿ ಮಾತ್ರ. ಪಾಪ, ಇಡೀ ದಿನ ಮನೆಯೊಳಗೆ ನಮ್ಮನ್ನೇ ನೋಡುವ ಮಗುವಿಗೆ ನಾವು ಹೊರಗೆ ಕರೆದುಕೊಂಡು ಹೋಗಿ ತೋರಿಸಲು ಹೊರಟಿದ್ದು ನಮ್ಮ ಹೊಟ್ಟೆ!

ಅತ್ತೆಯನ್ನೂ ಸ್ಟೂಲಿನ ಮೇಲೆ ಕೂರಿಸಿ ಬಗ್ಗಿಸಿ, ನಾನು ಹಿಡಿಯ ಹತ್ತಿರ ನಿಂತು ತೋರಿಸಿದೆ. ಅವರು ನನ್ನ ಹೊಟ್ಟೆಯನ್ನು ನೋಡಿ, "ಊಂ, ನಾನಾದ್ರೂ ಅಳ್ತಿದ್ದೆ" ಅಂದರು.

ಸಂಜೆ ಹಿಡಿ ಮಗುಚಿ, ಗಾಡಿಯನ್ನು ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿ, ಜಗಲಿಯ ಮೇಲೆ ಕೂತೇ ಮಗಳನ್ನು ಜಾರಿಸಿ ಕೂರಿಸಿದೆ. ಗೇಟಿನಾಚೆ ಪಕ್ಕದ ಮನೆಯ ನಾಯಿ ಮೈ ಕೊಡವಿಕೊಳ್ಳುತ್ತಿತ್ತು. ಮಗಳು ಸೆಟೆಯಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. ಮುಂದಕ್ಕೆ ಬಾಗಿ, "ಆ!" ಅಂದಳು. ನಾನು ಮೆಲ್ಲಗೆ ಪಟ್ಟಿ ಹಾಕಿದೆ. ಅವಳಿಗೆ ಗೊತ್ತೇ ಆಗಲಿಲ್ಲ. ಅತ್ತೆ ದೃಷ್ಟಿಯ ಮಾತು ಬಿಟ್ಟುಕೊಡಲಿಲ್ಲ, ಆದರೆ ದಾರಿ ಮಾಡಿಕೊಂಡರು: ಮಗುವಿನ ಕೆನ್ನೆಗೊಂದು ಕಾಡಿಗೆ ಬೊಟ್ಟು, ಅಂಗಾಲಿಗೊಂದು, ಗಾಡಿಯ ಹಿಡಿಗೂ ಒಂದು.

ಶನಿವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಗಾಡಿಯ ಕೆಳಗಿನ ಬುಟ್ಟಿಯಲ್ಲಿ ವೀಳ್ಯದೆಲೆ, ಬಾಳೆಹಣ್ಣು, ಎಳ್ಳೆಣ್ಣೆಯ ಚೀಲ ಇಟ್ಟುಕೊಂಡು, ಸ್ಕೂಟರ್ ಇಳಿಸುವ ಇಳಿಜಾರಿನಲ್ಲಿ ನಾನೂ ಮಗಳೂ ಇಬ್ಬರೇ ಇಳಿದೆವು. ಕೇಬಲ್ಲಿಗೆ ಅಗೆದ ಮಣ್ಣಿನ ಗುಡ್ಡೆ, ಅಡ್ಡ ನಿಲ್ಲಿಸಿದ ಕಾರು, ಒಡೆದ ಚಪ್ಪಡಿ ಎಲ್ಲವನ್ನೂ ಗಾಡಿ ದಾಟಿತು. ನನಗೆ ಮಗಳ ಮುಖ ಕಾಣುತ್ತಿರಲಿಲ್ಲ, ಕಾಲು ಮಾತ್ರ ಕಾಣುತ್ತಿತ್ತು. ಹಸು ಬಂದರೆ ಕಾಲು ಕುಣಿಯುತ್ತಿತ್ತು. ನೀರಿನ ಟ್ಯಾಂಕರ್ ಹಾರ್ನ್ ಹೊಡೆದರೆ ಕಾಲು ನಿಲ್ಲುತ್ತಿತ್ತು. ಹೂವಿನ ಅಂಗಡಿ ದಾಟುವಾಗ ಹೆಬ್ಬೆರಳು ಮೇಲಕ್ಕೆದ್ದಿತು. ಮುಖಕ್ಕಿಂತ ಕಾಲು ಹೆಚ್ಚು ಹೇಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಗುಡಿಯ ಮುಂದೆ ಬಂದು ನಿಂತೆ. ಎದುರಿಗೆ ಮೆಟ್ಟಿಲು.

ವರ್ಷಗಟ್ಟಲೆ ಹತ್ತಿ ಇಳಿದ ಮೆಟ್ಟಿಲು. ತಿಂಗಳುಗಟ್ಟಲೆ ಊರಿನ ಚಕ್ರವನ್ನೆಲ್ಲ ನೋಡಿದವಳು ಇದೊಂದನ್ನು ಯೋಚಿಸಿರಲಿಲ್ಲ. ನನ್ನ ಮೇಲೆ ನನಗೇ ನಗು ಬಂತು, ಹಿಂದೆಯೇ ಅಳುವೂ ಬಂತು. ಪ್ರದಕ್ಷಿಣೆ ಮುಗಿಸಿ ಇಳಿಯುತ್ತಿದ್ದ ಒಬ್ಬರು, "ಮಗೂನ ಎತ್ಕೊಡ್ಲಾ ತಾಯಿ?" ಅಂದರು. ಒಳ್ಳೆಯ ಮನುಷ್ಯರು. "ಬೇಡಣ್ಣ, ನೋಡ್ತೀನಿ" ಅಂದೆ. ಏನು ನೋಡುತ್ತೇನೆ ಅಂತ ನನಗೂ ಗೊತ್ತಿರಲಿಲ್ಲ.

ಚಪ್ಪಲಿ ಬಿಟ್ಟು ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಗಾಡಿಯನ್ನು ಹತ್ತಿರ ಎಳೆದು ಕೊಂಡಿ ಬಿಚ್ಚಿ, ಮಗಳನ್ನು ತೊಡೆಗೆ ಜಾರಿಸಿಕೊಂಡೆ. ಇಲ್ಲಿಂದಲೇ ಕೈ ಮುಗಿಸಿ ಹೋಗೋಣ ಅಂತ ಅವಳ ಎರಡು ಅಂಗೈ ಸೇರಿಸಲು ಹೋದರೆ, ಕೈ ಬಿಡಿಸಿಕೊಂಡಳು. ತೊಡೆಯಿಂದ ಇಳಿದು ಮೇಲಿನ ಮೆಟ್ಟಿಲ ಮೇಲೆ ಅಂಗೈ ಊರಿದಳು. ಕಲ್ಲು ತಣ್ಣಗಿತ್ತೇನೋ, ಒಂದು ಸಲ ತಟ್ಟಿ ನೋಡಿದಳು. ಒಳಗೆ ದೀಪ ಉರಿಯುತ್ತಿತ್ತು. ಮಂಡಿ ಎತ್ತಿ ಇಟ್ಟಳು. ಹತ್ತಿದಳು. ಮತ್ತೆ ಅಂಗೈ, ಮತ್ತೆ ಮಂಡಿ.

ನಾನು ಹಣ್ಣಿನ ಚೀಲ ತೋಳಿಗೆ ಸಿಕ್ಕಿಸಿಕೊಂಡು, ಒಂದು ಕೈಯನ್ನು ಅವಳ ಬೆನ್ನ ಹಿಂದೆ ಅಡ್ಡ ಹಿಡಿದು, ಕೂತಲ್ಲೇ ಒಂದೊಂದೇ ಮೆಟ್ಟಿಲು ಮೇಲಕ್ಕೆ ಸರಿದೆ. ಇಳಿಯುವವರು ಪಕ್ಕಕ್ಕೆ ನಿಂತು ದಾರಿ ಬಿಟ್ಟರು. ಯಾರೋ ಹೆಂಗಸು, "ಬಾರಮ್ಮ ಬಾ, ನಿಧಾನ" ಅಂತ ಚಪ್ಪಾಳೆ ತಟ್ಟಿದಳು. ಕೊನೆಯ ಮೆಟ್ಟಿಲಲ್ಲಿ ಅವಳು ನಿಂತು, ತಿರುಗಿ ನಾನು ಬಂದೆನಾ ಅಂತ ನೋಡಿದಳು.

"ಏನಮ್ಮ, ಈ ಸಲ ಇಬ್ರೂ ತೆವಳ್ಕೊಂಡು ಬಂದ್ರಾ?" ಅಂತ ಪೂಜಾರಿಗಳು ತಾವೇ ಬಗ್ಗಿ ಮಂಗಳಾರತಿ ತಂದರು. ಮಗಳ ಹಣೆಗೆ ಸಿಂಧೂರ ಇಟ್ಟು, "ಮೆಟ್ಟಿಲಿನ ಎಣ್ಣೆಯೆಲ್ಲ ಬಟ್ಟೆಗೆ ಆಯ್ತಲ್ಲ" ಅಂದರು.

"ಒಗೀತೀನಿ ಬಿಡಿ ಸ್ವಾಮಿ."

ಬೇಡಿಕೊಳ್ಳಲು ಏನೂ ತೋಚಲಿಲ್ಲ. ಕಂಬಕ್ಕೆ ಒರಗಿ ಕೂತು ಮಗಳ ಮಂಡಿಗೆ ಮೆತ್ತಿದ ಎಣ್ಣೆಮಣ್ಣನ್ನು ಸೆರಗಿನಿಂದ ಒರೆಸಿದೆ. ಅವಳು ಮೇಲೆ ತೂಗುತ್ತಿದ್ದ ಗಂಟೆಯ ಕಡೆ ಎರಡೂ ಕೈ ಚಾಚಿ "ಆ! ಆ!" ಅನ್ನುತ್ತಿದ್ದಳು.

"ಅದು ನನ್ ಕೈಲಾಗಲ್ಲ ಕಣಮ್ಮ" ಅಂದೆ. "ಅದಕ್ಕೆ ಮಾತ್ರ ನಿಮ್ಮಪ್ಪನ್ನ ಕರ್ಕೊಂಡ್ ಬರೋಣ."